ಹುರುಪೆ ಮತ್ತು ಗೆಣ್ಣುನೋವು: ಒಂದು ಕಾಯಿಲೆಗೆ ಹೆಸರು ಸಿಕ್ಕ ಬಗೆ

ಚಂಬಲ್ ಎಂದರೆ ಕನ್ನಡ ಓದುಗರಿಗೆ ಡಕಾಯಿತರ ಕಣಿವೆ ನೆನಪಾಗುತ್ತದೆ. ಉರ್ದುವಿನಲ್ಲಿ ಅದೇ ಉಚ್ಚಾರದ ಶಬ್ದಕ್ಕೆ ಬೇರೊಂದು ಅರ್ಥವಿದೆ. ಮೊಣಕೈ, ಮೊಣಕಾಲು, ನೆತ್ತಿಯ ಮೇಲೆ ಕೆಂಪಗೆ ಎದ್ದು ಬೆಳ್ಳಗಿನ ಹುರುಪೆ ಉದುರಿಸುವ ಚರ್ಮರೋಗಕ್ಕೆ ಹಕೀಮರು ಚಂಬಲ್ ಎನ್ನುತ್ತಾರೆ. ಇಂದಿನ ಅರಬಿಯಲ್ಲಿ ಅದು ‘ಸದಫಿಯ್ಯಾ’. ಸದಫ್ ಎಂದರೆ ಮುತ್ತಿನ ಚಿಪ್ಪು. ಆ ಹುರುಪೆಯ ಬೆಳ್ಳಿ ಹೊಳಪನ್ನು ಒಮ್ಮೆ ನೋಡಿದವರಿಗೆ ಹೆಸರು ಎಲ್ಲಿಂದ ಬಂತೆಂದು ವಿವರಿಸಬೇಕಿಲ್ಲ. ಆಯುರ್ವೇದದವರು ಇದನ್ನು ಕಿಟಿಭ, ಏಕಕುಷ್ಠ ಎಂಬ ಹೆಸರುಗಳೊಡನೆ ಹೋಲಿಸುತ್ತಾರೆ. ಅವೆರಡೂ ಕುಷ್ಠ ಎಂಬ ದೊಡ್ಡ ಪಟ್ಟಿಯೊಳಗೇ ಬರುತ್ತವೆ. ಕನ್ನಡದಲ್ಲಿ ಈಗ ನಾವೆಲ್ಲ ಸೋರಿಯಾಸಿಸ್ ಎಂದೇ ಹೇಳುತ್ತೇವೆ.

ಚರ್ಮದ ಬೇನೆಗೆ ಇಷ್ಟೊಂದು ಹೆಸರುಗಳಿವೆ. ಆದರೆ ಅದೇ ರೋಗಿಯ ಬೆರಳ ಗೆಣ್ಣು ಊದಿಕೊಂಡರೆ, ಹಿಮ್ಮಡಿಯನ್ನು ನೆಲಕ್ಕೆ ಊರಲಾಗದಿದ್ದರೆ, ಬೆಳಗ್ಗೆ ಎದ್ದಾಗ ಸೊಂಟ ಮರಗಟ್ಟಿದ್ದರೆ ಅದಕ್ಕೆ ಈ ಭಾಷೆಗಳಲ್ಲಿ ಹಳೆಯ ಹೆಸರಿಲ್ಲ. ಆ ನೋವು ‘ಗಂಟುನೋವು’ ಎಂಬ ಇನ್ನೊಂದು ಖಾತೆಗೆ ಹೋಗುತ್ತದೆ. ಎರಡೂ ಒಂದೇ ಕಾಯಿಲೆಯ ಎರಡು ಮುಖ ಎಂಬ ಮಾತು, ಅಂದರೆ ‘ಸೋರಿಯಾಟಿಕ್ ಆರ್ಥ್ರೈಟಿಸ್’ ಎಂಬ ಸ್ವತಂತ್ರ ಕಾಯಿಲೆಯಿದೆ ಎಂಬ ಮಾತು, ವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದು 1964ರಲ್ಲಿ. ಬೇನೆಯಾದರೋ ಬಹಳ ಹಳೆಯದು. ಇಷ್ಟು ತಡವಾದದ್ದೇಕೆ? ಆ ತಡದ ಬೆಲೆಯನ್ನು ತೆತ್ತವರು ಯಾರು?

ಬೇನೆ ಹಳೆಯದು ಎನ್ನುವುದಕ್ಕೆ ಮೂಳೆಗಳೇ ಸಾಕ್ಷಿ. ಜೆರೂಸಲೇಮಿನ ಪೂರ್ವಕ್ಕೆ ಜುದಿಯಾ ಮರುಭೂಮಿಯಲ್ಲಿ ಐದನೆಯ ಶತಮಾನದ ಒಂದು ಕ್ರೈಸ್ತ ಮಠದ ಅವಶೇಷವಿದೆ. ಅಲ್ಲಿ ಸಿಕ್ಕ ಅಸ್ಥಿಗಳನ್ನು ಪರೀಕ್ಷಿಸಿದ ಇಬ್ಬರು ಸಂಶೋಧಕರು 1996ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮೂಳೆಗಳ ಸವೆತ ಸಾಮಾನ್ಯ ಸಂಧಿವಾತದ್ದಾಗಿರಲಿಲ್ಲ, ಸೋರಿಯಾಸಿಸ್‌ನೊಂದಿಗೆ ಬರುವ ಸಂಧಿವಾತದ್ದಾಗಿತ್ತು ಎಂಬುದು ಅವರ ತೀರ್ಮಾನ. ಬೈಬಲ್ ಕಾಲದಲ್ಲಿ ‘ಕುಷ್ಠ’ ಎಂದು ಕರೆದು ಊರಾಚೆ ಕಳಿಸಿದವರಲ್ಲಿ ಸೋರಿಯಾಸಿಸ್ ರೋಗಿಗಳೂ ಇದ್ದಿರಬೇಕು ಎಂಬ ಹಳೆಯ ಊಹೆಗೆ ಇದರಿಂದ ಬಲ ಬಂತು.

ಆ ಗೊಂದಲದ ಹಿಂದೆ ಅನುವಾದದ ಒಂದು ಕಥೆ ಇದೆ. ಎರಡು ಭಾಷೆಗಳ ನಡುವೆ ಬದುಕುವ ನನ್ನಂಥವರಿಗೆ ಅದು ಇನ್ನಷ್ಟು ನಾಟುತ್ತದೆ. ಹಿಬ್ರೂ ಗ್ರಂಥಗಳಲ್ಲಿ ಅಶುದ್ಧಿಯ ಗುರುತಾದ ಚರ್ಮದ ಕಲೆಗಳಿಗೆ ‘ತ್ಸಾರಾತ್’ ಎಂಬ ಶಬ್ದವಿತ್ತು. ಕ್ರಿಸ್ತಪೂರ್ವದಲ್ಲೇ ಅದನ್ನು ಗ್ರೀಕಿಗೆ ತಂದವರು ‘ಲೆಪ್ರಾ’ ಎಂದು ಬರೆದರು. ಗ್ರೀಕ್ ವೈದ್ಯರ ಮಟ್ಟಿಗೆ ಲೆಪ್ರಾ ಎಂದರೆ ಹುರುಪೆ ಏಳುವ ಬೇನೆ, ಅಷ್ಟೆ. ನಿಜವಾದ ಕುಷ್ಠಕ್ಕೆ ಅವರಲ್ಲಿ ಬೇರೆ ಹೆಸರಿತ್ತು. ಅರಬಿ ವೈದ್ಯರೂ ನಿಜವಾದ ಕುಷ್ಠವನ್ನು ‘ಜುಝಾಮ್’ ಎಂದು ಪ್ರತ್ಯೇಕವಾಗಿಯೇ ಗುರುತಿಸಿದ್ದರು. ಹನ್ನೊಂದನೆಯ ಶತಮಾನದಲ್ಲಿ ಉತ್ತರ ಆಫ್ರಿಕಾದಿಂದ ಇಟಲಿಗೆ ಹೋದ ಕಾನ್‌ಸ್ಟಂಟೈನ್ ಎಂಬ ಪಂಡಿತ ಅರಬಿಯ ವೈದ್ಯಗ್ರಂಥಗಳನ್ನು ಲ್ಯಾಟಿನ್ನಿಗೆ ತಂದ. ಆಗ ಜುಝಾಮ್‌ಗೂ ಲೆಪ್ರಾ ಎಂಬ ಹೆಸರೇ ಬಿತ್ತು. ಹುರುಪೆಯವರೂ ಕುಷ್ಠದವರೂ ಒಂದೇ ಶಬ್ದದೊಳಗೆ ಸಿಕ್ಕಿಬಿದ್ದರು. ಯಾರನ್ನೂ ಅಂಟದ ಒಂದು ಚರ್ಮರೋಗಕ್ಕಾಗಿ ಯುರೋಪಿನಲ್ಲಿ ಅದೆಷ್ಟು ಜನ ಕುಷ್ಠಾಲಯಗಳ ಗೋಡೆಯೊಳಗೆ ಸೇರಿದರೋ, ಲೆಕ್ಕವಿಟ್ಟವರಿಲ್ಲ.

ಕೀಲುಗಳ ಕಡೆಗೂ ಪ್ರಾಚೀನರ ಗಮನವಿತ್ತು. ಯುನಾನಿ ವೈದ್ಯದಲ್ಲಿ ಕೀಲುನೋವಿಗೆ ‘ವಜವುಲ್ ಮಫಾಸಿಲ್’, ಕಾಲಿನ ಹೆಬ್ಬೆರಳಿನ ವಾತಕ್ಕೆ ‘ನಿಕ್ರಿಸ್’, ಸೊಂಟದಿಂದ ಕಾಲಿಗಿಳಿಯುವ ನೋವಿಗೆ ‘ಇರ್ಕುನ್ನಸಾ’ ಎಂಬ ಹೆಸರುಗಳು ಇಂದಿಗೂ ಹಕೀಮರ ಬಾಯಲ್ಲಿವೆ. ಇಬ್ನ್ ಸೀನಾನ ‘ಕಾನೂನ್’ ಗ್ರಂಥ ಇವನ್ನೆಲ್ಲ ವಿಸ್ತಾರವಾಗಿ ಚರ್ಚಿಸುತ್ತದೆ. ಆದರೆ ಗ್ರಂಥದ ರಚನೆಯನ್ನು ಗಮನಿಸಬೇಕು. ಅಂಗಾಂಗಗಳನ್ನು ತಲೆಯಿಂದ ಕಾಲಿನವರೆಗೆ ಒಂದೊಂದಾಗಿ ನೋಡುವ ಮೂರನೆಯ ಸಂಪುಟದ ಕೊನೆಯಲ್ಲಿ ಕೀಲುನೋವು ಬರುತ್ತದೆ. ಚರ್ಮ, ಕೂದಲುಗಳ ವಿಚಾರ ನಾಲ್ಕನೆಯ ಸಂಪುಟದಲ್ಲಿದೆ. ಒಬ್ಬನೇ ರೋಗಿಯ ಎರಡು ದೂರುಗಳು ಎರಡು ಸಂಪುಟಗಳಲ್ಲಿ ಹಂಚಿಹೋದವು. ಇಂದಿನ ಆಸ್ಪತ್ರೆಯಲ್ಲಿ ಅವು ಎರಡು ಬೇರೆ ವಿಭಾಗಗಳಿಗೆ ಹಂಚಿಹೋಗುತ್ತವೆ. ಸಾವಿರ ವರ್ಷಗಳಲ್ಲಿ ಆ ಮಟ್ಟಿಗೆ ಹೆಚ್ಚೇನೂ ಬದಲಾಗಿಲ್ಲ.

ಗೊಂದಲ ಬಿಡಿಸುವ ಕೆಲಸ ಮೊದಲು ಚರ್ಮದ ಕಡೆಯಿಂದಲೇ ಆರಂಭವಾಯಿತು. ಲಂಡನ್ನಿನ ರಾಬರ್ಟ್ ವಿಲನ್ 1808ರ ತನ್ನ ಗ್ರಂಥದಲ್ಲಿ ಚರ್ಮರೋಗಗಳನ್ನು ಕಣ್ಣಿಗೆ ಕಾಣುವ ಗುರುತುಗಳಿಂದ ವಿಂಗಡಿಸಿದ. ಆದರೂ ಸೋರಿಯಾಸಿಸ್‌ನ ಒಂದು ಬಗೆಗೆ ‘ಲೆಪ್ರಾ’ ಎಂಬ ಹೆಸರನ್ನೇ ಉಳಿಸಿದ. ಆ ಹೆಸರನ್ನು ಕಿತ್ತುಹಾಕಿದವನು ವಿಯೆನ್ನಾದ ಫರ್ಡಿನೆಂಡ್ ಹೆಬ್ರಾ, 1841ರಲ್ಲಿ. 1873ರಲ್ಲಿ ನಾರ್ವೆಯ ಹಾನ್‌ಸನ್ ಕುಷ್ಠದ ರೋಗಾಣುವನ್ನೇ ಕಂಡುಹಿಡಿದ ಮೇಲೆ ವಾದಕ್ಕೆ ಜಾಗವೇ ಉಳಿಯಲಿಲ್ಲ. ಎರಡು ಸಾವಿರ ವರ್ಷಗಳ ಅಪವಾದದಿಂದ ಸೋರಿಯಾಸಿಸ್ ಪುಸ್ತಕಗಳಲ್ಲಾದರೂ ಬಿಡುಗಡೆ ಪಡೆಯಿತು. ಜನರ ಮನಸ್ಸಿನಲ್ಲಿ ಬಿಡುಗಡೆ ಸಿಕ್ಕಿತೇ ಎಂಬುದು ಬೇರೆ ಪ್ರಶ್ನೆ.

ಚರ್ಮಕ್ಕೂ ಕೀಲಿಗೂ ನಂಟಿದೆ ಎಂಬ ಗುಮಾನಿ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. 1818ರಲ್ಲಿ ಆಲಿಬೇರ್ ಎಂಬ ವೈದ್ಯ ಸೋರಿಯಾಸಿಸ್ ಇದ್ದವರಲ್ಲಿ ಕೀಲುನೋವನ್ನೂ ಗಮನಿಸಿ ಬರೆದ. 1860ರಲ್ಲಿ ಬಾಜಾಂ ಎರಡನ್ನೂ ಸೇರಿಸಿ ಒಂದು ಹೆಸರು ಕೊಟ್ಟ. 1888ರಲ್ಲಿ ಬೂರ್ದಿಯೋಂ ಎಂಬ ಯುವಕ ತನ್ನ ವೈದ್ಯ ಪದವಿಗೆ ಇದೇ ವಿಷಯದ ಮೇಲೆ ಪ್ರಬಂಧ ಬರೆದ. ಆದರೂ ಮುಂದಿನ ಅರವತ್ತು ವರ್ಷ ಬಹುತೇಕ ವೈದ್ಯರು ಇದನ್ನು ಒಪ್ಪಲಿಲ್ಲ. ಅವರ ವಾದ ಕೇಳಲು ಸರಿಯಾಗಿಯೇ ಇತ್ತು. ಸೋರಿಯಾಸಿಸ್ ನೂರಕ್ಕೆ ಒಬ್ಬಿಬ್ಬರಲ್ಲಿ ಇರುವ ರೋಗ. ರುಮಟಾಯ್ಡ್ ಸಂಧಿವಾತವೂ ಅಪರೂಪವಲ್ಲ. ಒಬ್ಬನಿಗೇ ಎರಡೂ ಬಂದರೆ ಅದು ಕಾಕತಾಳೀಯ, ಅದಕ್ಕೆ ಮೂರನೆಯ ಹೆಸರೇಕೆ?

ಈ ವಾದವನ್ನು ಮುರಿದದ್ದು ರಕ್ತದ ಒಂದು ಪರೀಕ್ಷೆ. 1940ರಲ್ಲಿ ನಾರ್ವೆಯ ವಾಲರ್, 1948ರಲ್ಲಿ ಅಮೆರಿಕದ ರೋಸ್, ಒಬ್ಬರ ನಂತರ ಒಬ್ಬರಂತೆ ರುಮಟಾಯ್ಡ್ ರೋಗಿಗಳ ರಕ್ತದಲ್ಲಿ ‘ರುಮಟಾಯ್ಡ್ ಫ್ಯಾಕ್ಟರ್’ ಎಂಬ ಅಂಶವನ್ನು ಗುರುತಿಸಿದರು. ಸೋರಿಯಾಸಿಸ್ ಜೊತೆಗೆ ಕೀಲು ಊದಿದವರ ರಕ್ತ ನೋಡಿದರೆ ಬಹುಪಾಲು ಜನರಲ್ಲಿ ಆ ಅಂಶ ಇರಲಿಲ್ಲ. ಇಂಗ್ಲೆಂಡಿನ ಲೀಡ್ಸ್ ನಗರದ ವೈದ್ಯ ವರ್ನಾ ರೈಟ್ 1950ರ ದಶಕದಲ್ಲಿ ಇಂಥ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದರು. ಅವರ ಉಗುರು ನೋಡಿದರು, ಬೆನ್ನು ನೋಡಿದರು, ಎಕ್ಸ್‌ರೇ ತೆಗೆಸಿದರು. ಇದು ರುಮಟಾಯ್ಡ್ ಅಲ್ಲ, ಬೇರೆಯೇ ಕಾಯಿಲೆ ಎಂದು 1956ರಿಂದ ಸರಣಿಯಾಗಿ ಬರೆದರು. 1964ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಘ ಅದನ್ನು ಪ್ರತ್ಯೇಕ ಕಾಯಿಲೆಯೆಂದು ಪಟ್ಟಿಗೆ ಸೇರಿಸಿತು. 1973ರಲ್ಲಿ ರೈಟ್ ಮತ್ತು ಸಹೋದ್ಯೋಗಿ ಮೋಲ್ ಅದರ ಐದು ರೂಪಗಳನ್ನು ವಿವರಿಸಿದರು.

ಆ ಐದು ರೂಪಗಳನ್ನು ಓದುಗರೂ ತಿಳಿದಿರುವುದು ಒಳ್ಳೆಯದು. ಒಂದು, ಉಗುರಿಗೆ ತಾಗಿದ ಕೊನೆಯ ಗೆಣ್ಣುಗಳು ಊದುವುದು. ರುಮಟಾಯ್ಡ್ ಸಾಮಾನ್ಯವಾಗಿ ಈ ಗೆಣ್ಣುಗಳನ್ನು ಮುಟ್ಟುವುದಿಲ್ಲ. ಎರಡು, ಎಡ-ಬಲದ ಸಮತೋಲವಿಲ್ಲದೆ ಇಲ್ಲೊಂದು ಮೊಣಕಾಲು ಅಲ್ಲೊಂದು ಬೆರಳು ಎಂಬಂತೆ ಕೆಲವೇ ಕೀಲುಗಳು ನೋಯುವುದು. ಮೂರು, ರುಮಟಾಯ್ಡ್ ಥರವೇ ಎರಡೂ ಕೈಗಳಲ್ಲಿ ಅನೇಕ ಕೀಲುಗಳು ಹಿಡಿಯುವುದು. ನಾಲ್ಕು, ಬೆನ್ನುಮೂಳೆ ಮತ್ತು ಸೊಂಟದ ಕೀಲು ಸೆಟೆಯುವುದು. ಐದು, ಎಲ್ಲಕ್ಕಿಂತ ಕ್ರೂರವಾದದ್ದು, ಅದೃಷ್ಟಕ್ಕೆ ಅಪರೂಪದ್ದು: ಬೆರಳ ಮೂಳೆಯೇ ಕರಗಿ ಬೆರಳು ಮೊಟಕಾಗುವುದು. ಇವಲ್ಲದೆ ಇನ್ನೂ ಕೆಲವು ಗುರುತುಗಳಿವೆ. ಒಂದು ಬೆರಳು ಬುಡದಿಂದ ತುದಿಯವರೆಗೆ ಸಮನಾಗಿ ಊದಿ ದಪ್ಪಗಾಗುತ್ತದೆ. ಸ್ನಾಯುರಜ್ಜು ಮೂಳೆಗೆ ಸೇರುವ ಜಾಗ, ಮುಖ್ಯವಾಗಿ ಹಿಮ್ಮಡಿ, ನೋಯುತ್ತದೆ. ಉಗುರಿನ ಮೇಲೆ ಸೂಜಿಯಿಂದ ಚುಚ್ಚಿದಂಥ ಗುಳಿಗಳು ಬೀಳುತ್ತವೆ, ಉಗುರು ತಳದಿಂದ ಬಿಟ್ಟುಕೊಳ್ಳುತ್ತದೆ. ಕೆಲವರಿಗೆ ಕಣ್ಣು ಕೆಂಪಾಗಿ ನೋಯುತ್ತದೆ. ಬೆಳಗಿನ ಮರಗಟ್ಟುವಿಕೆ ಅರ್ಧ ಗಂಟೆಗೂ ಮೀರಿ ಇರುತ್ತದೆ, ಓಡಾಡಿದಂತೆ ಸಡಿಲವಾಗುತ್ತದೆ. ದುಡಿತದಿಂದ ಬಂದ ನೋವಾಗಿದ್ದರೆ ವಿಶ್ರಾಂತಿಯಲ್ಲಿ ಕಡಿಮೆಯಾಗಬೇಕು. ಇಲ್ಲಿ ಆಗುವುದು ಅದರ ತಿರುವುಮುರುವು.

ಹೆಚ್ಚಿನವರಿಗೆ ಚರ್ಮ ಮೊದಲು, ಕೀಲು ಎಷ್ಟೋ ವರ್ಷಗಳ ಮೇಲೆ. ಆದರೆ ಸುಮಾರು ನೂರಕ್ಕೆ ಹದಿನೈದು ಜನರಲ್ಲಿ ಕೀಲೇ ಮೊದಲು ನೋಯುತ್ತದೆ. ಹುರುಪೆ ತಲೆಕೂದಲ ಮರೆಯಲ್ಲೋ ಹೊಕ್ಕಳಲ್ಲೋ ಕಾಣದಂತೆ ಇರುವುದೂ ಉಂಟು. 2006ರಲ್ಲಿ ಹಲವು ದೇಶಗಳ ತಜ್ಞರು ಸೇರಿ ರೂಪಿಸಿದ ಮಾನದಂಡದಲ್ಲಿ, ರೋಗಿಗೆ ಸೋರಿಯಾಸಿಸ್ ಇಲ್ಲದಿದ್ದರೂ ಹತ್ತಿರದ ರಕ್ತಸಂಬಂಧಿಗಳಿಗೆ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಸೇರಿಸಿದ್ದು ಇದೇ ಕಾರಣಕ್ಕೆ.

ಹೆಸರು ಸಿಗುವ ಮುನ್ನ ಔಷಧಿ ಇರಲಿಲ್ಲವೆಂದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸೋರಿಯಾಸಿಸ್‌ಗೆ ಪಾಷಾಣ ಬೆರೆತ ‘ಫೌಲರ್ ದ್ರಾವಣ’ ಕುಡಿಸುತ್ತಿದ್ದರು. ಅದು ಹುರುಪೆಯ ಜೊತೆಗೆ ರೋಗಿಯನ್ನೂ ಸವೆಸುತ್ತಿತ್ತು. ನಮ್ಮ ನೆರೆಯ ಗೋವಾದ ಹೆಸರು ಈ ಚರಿತ್ರೆಯಲ್ಲಿ ಬರುವುದು ಒಂದು ಪುಡಿಯಿಂದಾಗಿ. ಬ್ರೆಜಿಲ್ಲಿನ ಒಂದು ಮರದ ತಿರುಳಿನಿಂದ ತೆಗೆದ ಹಳದಿ ಪುಡಿಯನ್ನು ಪೋರ್ಚುಗೀಸರು ಗೋವಾಕ್ಕೆ ತಂದರು. ಹುಳುಕಡ್ಡಿಗೆ ಹಚ್ಚುವ ‘ಗೋವಾ ಪುಡಿ’ ಎಂದು ಅದು ಹೆಸರಾಯಿತು. ಅದರ ಮೂಲ ಎಲ್ಲಿಯದೆಂದು ಬಹುಕಾಲ ಹೊರಗಿನವರಿಗೆ ತಿಳಿದಿರಲಿಲ್ಲ. 1870ರ ದಶಕದಲ್ಲಿ ಲಂಡನ್ನಿನ ಬಾಲ್ಮಾನೊ ಸ್ಕ್ವಯರ್ ಎಂಬ ವೈದ್ಯ ಅದು ಸೋರಿಯಾಸಿಸ್‌ಗೂ ಹಿಡಿಸುತ್ತದೆಂದು ಕಂಡ. ಅದರ ಜಾಡಿನಲ್ಲೇ 1916ರಲ್ಲಿ ಜರ್ಮನರು ಡಿತ್ರನಾಲ್ ಎಂಬ ಮುಲಾಮನ್ನು ತಯಾರಿಸಿದರು. 1925ರಲ್ಲಿ ಅಮೆರಿಕದ ಗೋಕರ್‌ಮನ್ ಕಲ್ಲಿದ್ದಲ ಡಾಂಬರು ಹಚ್ಚಿ ಅತಿನೇರಳೆ ಬೆಳಕಿನಲ್ಲಿ ಇರಿಸುವ ಕ್ರಮ ತಂದ. ಇವೆಲ್ಲ ಹುರುಪೆಗೆ ಉತ್ತರ ಕೊಟ್ಟವು. ಕೀಲಿನ ಬಗ್ಗೆ ಅವು ಮೌನ.

ಚರ್ಮ ಮತ್ತು ಕೀಲು ಎರಡಕ್ಕೂ ಒಟ್ಟಿಗೆ ನಾಟಿದ ಮೊದಲ ಮುಖ್ಯ ಮದ್ದು ಮೆಥೊಟ್ರೆಕ್ಸೇಟ್. ಅದರ ಕಥೆ ಶುರುವಾಗುವುದು ಮುಂಬಯಿಯ ಬಸುರಿಯರಿಂದ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿ ಹೆಂಗಸರನ್ನು ಕಾಡುತ್ತಿದ್ದ ಮಾರಕ ರಕ್ತಹೀನತೆಯ ಕಾರಣ ಹುಡುಕಲು ಭಾರತಕ್ಕೆ ಬಂದರು. ಬೇರೆ ಬೇರೆ ವರ್ಗದ ಹೆಂಗಸರು ಏನು ಉಣ್ಣುತ್ತಾರೆಂದು ವಿಚಾರಿಸಿದಾಗ ಅವರಿಗೆ ತಿಳಿದುಬಂದದ್ದು ಇದು: ಬಡ ಮುಸ್ಲಿಂ ಹೆಂಗಸರ ತಟ್ಟೆಯೇ ಎಲ್ಲರಿಗಿಂತ ಬರಿದು, ಈ ಕಾಯಿಲೆಯೂ ಅವರಲ್ಲೇ ಹೆಚ್ಚು. ಕೂನೂರಿನ ಪ್ರಯೋಗಾಲಯದಲ್ಲಿ, ಮದರಾಸಿನ ಗೋಷಾ ಆಸ್ಪತ್ರೆಯಲ್ಲಿ ಆ ಕೆಲಸ ಮುಂದುವರಿಯಿತು. ಯೀಸ್ಟಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ತಿನಿಸು ಕೊಟ್ಟರೆ ರಕ್ತ ಚೇತರಿಸುತ್ತದೆಂದು ಅವರು 1931ರಲ್ಲಿ ಪ್ರಕಟಿಸಿದರು. ಅದರೊಳಗಿದ್ದ ಅಂಶವೇ ಮುಂದೆ ಫೋಲಿಕ್ ಆಮ್ಲ ಎಂದು ಹೆಸರಾಯಿತು.

ಫೋಲಿಕ್ ಆಮ್ಲವನ್ನು 1945ರಲ್ಲಿ ಕೃತಕವಾಗಿ ತಯಾರಿಸಿದ್ದು ಅಮೆರಿಕದ ಲೆಡರ್ಲಿ ಪ್ರಯೋಗಾಲಯ. ಅಲ್ಲಿನ ಸಂಶೋಧನೆಯ ಮುಖ್ಯಸ್ಥರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ಫೋಲಿಕ್ ಆಮ್ಲದ ವೇಷ ಹಾಕಿ ಅದರ ಕೆಲಸವನ್ನು ತಡೆಯುವ ವಸ್ತುಗಳನ್ನೂ ಅವರ ತಂಡವೇ ತಯಾರಿಸಿತು. ಅವುಗಳಲ್ಲಿ ಒಂದು ಅಮಿನೋಪ್ಟೆರಿನ್, ಇನ್ನೊಂದು ಮೆಥೊಟ್ರೆಕ್ಸೇಟ್. 1948ರಲ್ಲಿ ಅಮಿನೋಪ್ಟೆರಿನ್ ಮಕ್ಕಳ ರಕ್ತದ ಕ್ಯಾನ್ಸರನ್ನು ಸ್ವಲ್ಪ ಕಾಲವಾದರೂ ಹಿಮ್ಮೆಟ್ಟಿಸಿತು. 1951ರಲ್ಲಿ ಗುಬ್ನರ್ ಎಂಬ ವೈದ್ಯ ಅದನ್ನು ಸಂಧಿವಾತದ ರೋಗಿಗಳಿಗೆ ಕೊಟ್ಟು ನೋಡಿದಾಗ, ಅವರಲ್ಲಿ ಒಬ್ಬರ ಮೈಮೇಲಿದ್ದ ಸೋರಿಯಾಸಿಸ್ ಮಾಯುತ್ತಿರುವುದು ಕಣ್ಣಿಗೆ ಬಿತ್ತು. ಆದರೆ ಆಗಷ್ಟೇ ಬಂದಿದ್ದ ಕಾರ್ಟಿಸೋನಿನ ಬೆರಗಿನಲ್ಲಿ ಈ ಸುದ್ದಿ ಹಿಂದೆ ಬಿತ್ತು. 1964ರಲ್ಲಿ 21 ಸೋರಿಯಾಟಿಕ್ ಆರ್ಥ್ರೈಟಿಸ್ ರೋಗಿಗಳ ಮೇಲೆ, ಯಾರಿಗೆ ಮದ್ದು ಯಾರಿಗೆ ಬರಿ ನೀರು ಎಂದು ವೈದ್ಯರಿಗೂ ರೋಗಿಗಳಿಗೂ ತಿಳಿಯದಂತೆ ಮೆಥೊಟ್ರೆಕ್ಸೇಟ್ ಪ್ರಯೋಗ ನಡೆಯಿತು. ಚರ್ಮವೂ ಕೀಲೂ ಎರಡೂ ಸುಧಾರಿಸಿದವು. ಕಾಯಿಲೆ ಪಟ್ಟಿಗೆ ಸೇರಿದ್ದು ಅದೇ ವರ್ಷ. ಲೂಸಿ ವಿಲ್ಸ್ ತೀರಿಕೊಂಡದ್ದೂ ಅದೇ ವರ್ಷ.

ಇಂದು ಮೆಥೊಟ್ರೆಕ್ಸೇಟ್ ನುಂಗುವವರಿಗೆ ಅದರ ಅಡ್ಡಪರಿಣಾಮ ತಗ್ಗಿಸಲು ವೈದ್ಯರು ಜೊತೆಗೆ ಬರೆದುಕೊಡುವುದು ಫೋಲಿಕ್ ಆಮ್ಲದ ಮಾತ್ರೆಯನ್ನೇ. ಮುಂಬಯಿಯ ಆ ಹೆಂಗಸರ ಹೆಸರುಗಳು ಎಲ್ಲೂ ದಾಖಲಾಗಿಲ್ಲ. ಅವರ ಬಡತನದಿಂದ ಕಲಿತ ಪಾಠ ಮಾತ್ರ ಜಗತ್ತಿನ ಔಷಧಿ ಅಂಗಡಿಗಳಲ್ಲೆಲ್ಲ ಇದೆ. ಇಲ್ಲಿ ಎರಡು ಎಚ್ಚರದ ಮಾತು ಹೇಳಲೇಬೇಕು. ಕೀಲುಬೇನೆಗೆ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಮದ್ದು. ತಪ್ಪಿ ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಬಸುರಿಯರು, ಬಸುರಾಗಲು ಬಯಸುವವರು ಅದನ್ನು ಮುಟ್ಟಕೂಡದು, ಏಕೆಂದರೆ ಅದು ಭ್ರೂಣಕ್ಕೆ ವಿಷ. ಯಕೃತ್ತಿನ ಮತ್ತು ರಕ್ತದ ಪರೀಕ್ಷೆಯನ್ನು ಆಗಾಗ ಮಾಡಿಸುತ್ತಿರಬೇಕು. ಅದು ಸರ್ವರೋಗಕ್ಕೆ ರಾಮಬಾಣವೂ ಅಲ್ಲ. 2012ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗವೊಂದರಲ್ಲಿ ಕೀಲಿನ ಬಾವಿನ ಮೇಲೆ ಅದರ ಪರಿಣಾಮ ನಿರೀಕ್ಷಿಸಿದಷ್ಟು ಸ್ಪಷ್ಟವಾಗಿ ಕಾಣಲಿಲ್ಲ.

ತಡದ ಬೆಲೆ ಏನೆಂದು ತಿಳಿಯಬೇಕಾದರೆ ಬ್ರಿಟಿಷ್ ನಾಟಕಕಾರ ಡೆನಿಸ್ ಪಾಟರ್‌ನನ್ನು ನೆನೆಯಬೇಕು. ಕಾಯಿಲೆಗೆ ಹೆಸರು ಸಿಗುವ ಎರಡು ವರ್ಷ ಮೊದಲು, 1962ರಲ್ಲಿ, ಇಪ್ಪತ್ತಾರರ ಹರೆಯದಲ್ಲಿ ಅವನಿಗೆ ಅದು ತಗುಲಿತು. ಚರ್ಮ ಬಿರಿಯಿತು, ಬೆರಳುಗಳು ಮುಷ್ಟಿಯಾಗಿ ಬಿಗಿದು ಮತ್ತೆ ಬಿಚ್ಚಲಿಲ್ಲ. ಮುಷ್ಟಿಗೆ ಪೆನ್ನು ಕಟ್ಟಿಕೊಂಡು ಅವನು ಬರೆದ. 1986ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಅವನ ‘ದಿ ಸಿಂಗಿಂಗ್ ಡಿಟೆಕ್ಟಿವ್’ ಧಾರಾವಾಹಿಯ ನಾಯಕ ಇದೇ ರೋಗದಿಂದ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಲೇಖಕ. ಕೈಯಿಂದ ಬರೆದು ಬದುಕುವವರಿಗೆ ಇದಕ್ಕಿಂತ ದೊಡ್ಡ ಭಯ ಬೇರಿಲ್ಲ. ದರ್ಜಿಗೆ, ಬೀಡಿ ಕಟ್ಟುವ ಹೆಂಗಸಿಗೆ, ಮೆಕ್ಯಾನಿಕ್‌ಗೆ ಆ ಭಯ ಇನ್ನೂ ದೊಡ್ಡದು, ಏಕೆಂದರೆ ಅವರ ಅನ್ನವೇ ಬೆರಳಿನಲ್ಲಿದೆ.

ಈಗ ದಾರಿಗಳು ಹೆಚ್ಚಿವೆ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪು ತಿಳಿದು ತನ್ನ ಚರ್ಮ, ಕೀಲುಗಳ ಮೇಲೆ ಯುದ್ಧ ಹೂಡುವ ರೋಗವಿದು. ಆ ಯುದ್ಧದ ಒಂದು ಮುಖ್ಯ ಸಂದೇಶವಾಹಕ ಟಿಎನ್‌ಎಫ್ ಎಂಬ ಪ್ರೋಟೀನು. ಅದನ್ನು ತಡೆಯುವ ಎಟನರ್ಸೆಪ್ಟ್‌ಗೆ 2002ರಲ್ಲಿ ಈ ಕಾಯಿಲೆಗೆಂದೇ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಅನಂತರ ಇತರ ಸಂದೇಶಗಳನ್ನು ತಡೆಯುವ ಚುಚ್ಚುಮದ್ದುಗಳು, ಮಾತ್ರೆಗಳು ಬಂದವು. ಚರ್ಮದ ಸೋರಿಯಾಸಿಸ್‌ಗೆ ಬೆಂಗಳೂರಿನ ಬಯೋಕಾನ್ 2013ರಲ್ಲಿ ಇಟೊಲಿಜುಮ್ಯಾಬ್ ಎಂಬ ಮದ್ದನ್ನು ಹೊರತಂದಿತು. 2014ರ ಕೊನೆಗೆ ಭಾರತದ್ದೇ ಒಂದು ಕಂಪೆನಿ ಅಡಾಲಿಮುಮ್ಯಾಬ್‌ನ ಪ್ರತಿರೂಪವನ್ನು ಮೂಲದ ಬೆಲೆಯ ಸಣ್ಣ ಪಾಲಿಗೆ ಮಾರಲು ತೊಡಗಿತು. ಹಾಗಿದ್ದರೂ ದಿನಗೂಲಿಯವರಿಗೆ ಅದು ಎಟುಕುವ ಬೆಲೆಯಲ್ಲ. ಟಿಎನ್‌ಎಫ್ ತಡೆಯುವ ಮದ್ದುಗಳು ಮೈಯಲ್ಲಿ ಮಲಗಿರುವ ಕ್ಷಯವನ್ನು ಎಬ್ಬಿಸಬಲ್ಲವು. ಕ್ಷಯ ಮನೆಮಾಡಿರುವ ನಮ್ಮಂಥ ದೇಶದಲ್ಲಿ ಮೊದಲು ಆ ಪರೀಕ್ಷೆ ಮಾಡಿಸದೆ ಅವನ್ನು ಚುಚ್ಚಿಸಿಕೊಳ್ಳಬಾರದು. ನೋವು ಕೂಡಲೇ ಇಳಿಯುತ್ತದೆಂದು ಹಂಗಾಮಿ ವೈದ್ಯರು ಕೊಡುವ ಸ್ಟೆರಾಯ್ಡ್ ಮಾತ್ರೆಗಳದ್ದು ಇನ್ನೊಂದು ಅಪಾಯ. ಅವನ್ನು ನಿಲ್ಲಿಸಿದಾಗ ಸೋರಿಯಾಸಿಸ್ ಮೈಯೆಲ್ಲ ಉಕ್ಕಿ ಬರಬಹುದು.

ಮದ್ದಿಗಿಂತ ಮೊದಲು ಬೇಕಾದದ್ದು ಸಮಯ. ಡಬ್ಲಿನ್ನಿನ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರೋಗಲಕ್ಷಣ ಕಂಡು ತಜ್ಞರನ್ನು ಕಾಣಲು ಆರು ತಿಂಗಳು ತಡ ಮಾಡಿದವರಲ್ಲೂ ಮೂಳೆಯ ಸವೆತ ಹೆಚ್ಚಾಗಿತ್ತು. ಸವೆದ ಮೂಳೆ ಮರಳಿ ಬೆಳೆಯುವುದಿಲ್ಲ. ನಮ್ಮ ಊರುಗಳಲ್ಲಿ ಆರು ತಿಂಗಳು ಯಾವ ಲೆಕ್ಕ? ಮಗಳ ಮೊಣಕೈಯ ಕಲೆ ಬೀಗರ ಕಣ್ಣಿಗೆ ಬೀಳಬಾರದೆಂದು ಉದ್ದ ತೋಳಿನ ಕುಪ್ಪಸ ಹೊಲಿಸುವ ತಾಯಂದಿರಿದ್ದಾರೆ. ಮದುವೆಯಾದ ಮೇಲೆ ಗಂಡನ ಮನೆಯವರಿಗೆ ಹೆದರಿ ಮುಲಾಮನ್ನು ಅಡಗಿಸಿಡುವ ಸೊಸೆಯಂದಿರಿದ್ದಾರೆ. ಚರ್ಮವನ್ನೇ ಮುಚ್ಚಿಟ್ಟವರು, ಗಂಟುನೋವಿಗೆ ಮೂಳೆ ವೈದ್ಯರ ಬಳಿ ಹೋದಾಗ ಅದರ ಸುದ್ದಿ ಎತ್ತುವುದಿಲ್ಲ. ಮೂಳೆ ವೈದ್ಯರು ಕಾಲುಚೀಲ ತೆಗೆಸಿ ಉಗುರು ನೋಡುವುದಿಲ್ಲ. ಚರ್ಮದ ವೈದ್ಯರು ಬೆಳಗ್ಗೆ ಎದ್ದಾಗ ಬೆರಳು ಮಡಚುತ್ತದೆಯೇ ಎಂದು ಕೇಳುವುದಿಲ್ಲ. ‘ಲೆಪ್ರಾ’ ಎಂಬ ಒಂದು ಶಬ್ದ ಎರಡು ಸಾವಿರ ವರ್ಷ ಮಾಡಿದ ಕೆಲಸವನ್ನು ಈಗ ನಮ್ಮ ನಾಚಿಕೆ ಮಾಡುತ್ತಿದೆ.

ಸೋರಿಯಾಸಿಸ್ ಇದ್ದವರಲ್ಲಿ ನೂರಕ್ಕೆ ಮೂವತ್ತು ಜನರವರೆಗೆ ಕೀಲುಬೇನೆ ಬರಬಹುದು ಎಂಬುದು ತಜ್ಞರ ಅಂದಾಜು. ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಹುರುಪೆ ಇದ್ದರೆ, ಅವರ ಬೆರಳು, ಹಿಮ್ಮಡಿ, ಸೊಂಟದ ಬಗ್ಗೆಯೂ ಆಗಾಗ ಕೇಳಿ. ಗೆಣ್ಣು ಊದಿದವರಿದ್ದರೆ ಅವರ ಉಗುರನ್ನೂ ನೆತ್ತಿಯನ್ನೂ ನೋಡಿ. ಯಾವ ವೈದ್ಯರ ಬಳಿ ಹೋದರೂ ಎರಡನ್ನೂ ಹೇಳಿ, ಅವರು ಕೇಳಲಿ ಬಿಡಲಿ. ಇದು ಅಂಟುವ ರೋಗವಲ್ಲ, ಒಂದೇ ತಟ್ಟೆಯಲ್ಲಿ ಉಣ್ಣಬಹುದು, ಕೈ ಕುಲುಕಬಹುದು. ಆ ಕೈಯ ಬೆರಳು ಮುಂದೆಯೂ ಮಡಚುವಂತಿರಬೇಕಾದರೆ, ತೋಳನ್ನು ಈಗಲೇ ಸರಿಸಿ ತೋರಿಸಬೇಕು.